ಇನ್ನೊಂದು ನಾಕು ತಂತಿ: ಎಲೆಕ್ಟ್ರಿಕ್ ಅಪ್‌ರೈಟ್ ಬೇಸ್ ಕಲಿಯುವವರಿಗೆ ತಂತಿ ಆರಿಸುವ ಬಗೆ



ನಾಕು ತಂತಿ ಎಂದೊಡನೆ ನಮ್ಮ ಓದುಗರ ಮನಸ್ಸು ಧಾರವಾಡದ ಸಾಧನಕೇರಿಯ ಕಡೆಗೆ ಹರಿಯುವುದು ಸಹಜ. ಬೇಂದ್ರೆಯವರ ಆ ಸಂಕಲನ ಬಂದದ್ದು 1964ರಲ್ಲಿ. ಅದಕ್ಕೆ ಸಂದದ್ದು 1973ನೇ ಸಾಲಿನ ಜ್ಞಾನಪೀಠ. ಆದರೆ ಈ ಸಲ ನಾವು ಬರೆಯಹೊರಟಿರುವ ನಾಕು ತಂತಿ ಕಾವ್ಯದ್ದಲ್ಲ, ಕಬ್ಬಿಣದ್ದು. ಸಾಹಿತ್ಯದ ಪತ್ರಿಕೆಯಲ್ಲಿ ಇದೆಂಥ ವಿಷಯ ಎಂದು ಹುಬ್ಬೇರಿಸುವವರಿಗೆ ಒಂದು ಮಾತು: ನಮ್ಮ ಬಳಗದಲ್ಲಿ ಕವಿತೆ ಓದುವವರಷ್ಟೇ ಭಾವಗೀತೆ ಹಾಡುವವರೂ ಇದ್ದಾರೆ. ಹಾಡುವವರ ಹಿಂದೆ ತಬಲಾ ಇದೆ, ಕೀಬೋರ್ಡ್ ಇದೆ, ಒಮ್ಮೊಮ್ಮೆ ಕೊಳಲೂ ಇರುತ್ತದೆ. ಇಲ್ಲದಿರುವುದು ಅಡಿಪಾಯದ ದನಿ. ಆ ಕೊರತೆ ನೀಗಲೆಂದು ಕಳೆದ ಒಂದೆರಡು ವರ್ಷಗಳಲ್ಲಿ ನಮ್ಮವರೇ ಕೆಲವರು ಎಲೆಕ್ಟ್ರಿಕ್ ಅಪ್‌ರೈಟ್ ಬೇಸ್ ಎಂಬ ನಿಂತು ನುಡಿಸುವ ವಾದ್ಯವನ್ನು ಮನೆಗೆ ತಂದುಕೊಂಡಿದ್ದಾರೆ.

ತಂದುಕೊಂಡವರಲ್ಲಿ ಕೆಲವರು ತಿಂಗಳೊಳಗೇ ಅದನ್ನು ಗರಾಜಿನ ಮೂಲೆಗೆ ಸೇರಿಸಿದ್ದೂ ಉಂಟು. "ಐವತ್ತು ದಾಟಿದ ಮೇಲೆ ಇದೆಲ್ಲ ಆಗೋದಲ್ಲ ಸ್ವಾಮಿ, ಬೆರಳು ಬೊಬ್ಬೆ ಬಂತು, ಮಣಿಕಟ್ಟು ಹಿಡಿದುಕೊಂಡಿತು" ಎಂಬುದು ನಮಗೆ ಸಾಮಾನ್ಯವಾಗಿ ಕೇಳಿಬರುವ ಉತ್ತರ. ಈ ಕಣಿವೆಯಲ್ಲಿ ನಮ್ಮಲ್ಲಿ ಬಹುಪಾಲು ಮಂದಿ ಕೀಲಿಮಣೆ ಕುಟ್ಟಿಯೇ ಹೊಟ್ಟೆ ಹೊರೆಯುವವರು. ಆ ಕೈಗೆ ಪೆಟ್ಟಾದರೆ ಹೋಗುವುದು ಹವ್ಯಾಸ ಮಾತ್ರವಲ್ಲ, ಅನ್ನವೂ ಹೌದು. ಆದರೆ ಇಂಥ ವಾದ್ಯಗಳನ್ನು ಎತ್ತಿ ನೋಡಿದಾಗ ನಮಗೆ ಕಂಡದ್ದು ಬೇರೆಯೇ ಸಂಗತಿ. ತಪ್ಪು ಹಲವು ಸಲ ವಯಸ್ಸಿನದಲ್ಲ, ತಂತಿಯದು. ತಂತಿಗಿಂತ ಹೆಚ್ಚಾಗಿ ತಂತಿಯ ಎತ್ತರದ್ದು. ಹಾಗಾಗಿ ಈ ಬರಹ.

ವಾದ್ಯದ ಪರಿಚಯ

ದೊಡ್ಡ ಡಬಲ್ ಬೇಸನ್ನು ಎಲ್ಲರೂ ನೋಡಿಯೇ ಇರುತ್ತೀರಿ. ಪಿಟೀಲು ವಂಶದ ಹಿರಿಯಣ್ಣ, ಆರಡಿ ಎತ್ತರದ ಆಸಾಮಿ, ನಮ್ಮ ಕಾರುಗಳಲ್ಲಿ ಹಿಂದಿನ ಸೀಟು ಮಡಚಿದರೂ ಸರಿಯಾಗಿ ಕೂರುವುದಿಲ್ಲ. ಎಲೆಕ್ಟ್ರಿಕ್ ಅಪ್‌ರೈಟ್ ಬೇಸ್ ಎಂದರೆ ಅದರ ಹೊಟ್ಟೆಯನ್ನು ತೆಗೆದುಹಾಕಿ ಬೆನ್ನುಮೂಳೆಯನ್ನಷ್ಟೇ ಉಳಿಸಿಕೊಂಡ ರೂಪ. ಕತ್ತು, ಬೆರಳಾಡುವ ಹಲಗೆ, ಕುದುರೆ, ನಾಲ್ಕು ಬಿರಡೆ, ನಾಲ್ಕು ತಂತಿ ಇವಿಷ್ಟು ಇರುತ್ತವೆ. ನಾದ ತುಂಬುವ ಮರದ ಪೆಟ್ಟಿಗೆ ಮಾತ್ರ ಇರುವುದಿಲ್ಲ, ಅಥವಾ ಬಹಳ ಚಿಕ್ಕದಾಗಿರುತ್ತದೆ. ಕುದುರೆಯ ಬಳಿ ಕೂತ ಪಿಕಪ್ ತಂತಿಯ ಅದುರನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುತ್ತದೆ. ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಪಕ್ಕದ ಮನೆಯವರಿಗೆ ಏನೂ ಕೇಳದು. ಗೋಡೆಯಾಚೆಯವರ ಕೆಮ್ಮೂ ಕೇಳುವ ಕ್ಯಾಂಪ್‌ಬೆಲ್‌ನ ಅಪಾರ್ಟ್‌ಮೆಂಟುಗಳಲ್ಲಿ ಇದು ಸಣ್ಣ ಅನುಕೂಲವೇನಲ್ಲ.

ಈ ವಾದ್ಯ ನಿನ್ನೆ ಮೊನ್ನೆಯದಲ್ಲ. ಕರೆಂಟಿನ ಬೇಸ್ ಮಾಡುವ ಪ್ರಯತ್ನಗಳು ಅಮೆರಿಕದಲ್ಲಿ 1930ರ ದಶಕದ ಮಧ್ಯದಲ್ಲೇ ನಡೆದಿದ್ದವು. 1962ರಲ್ಲಿ ಬಂದ ಆಂಪೆಗ್ ಕಂಪನಿಯ ಬೇಬಿ ಬೇಸ್ ಲ್ಯಾಟಿನ್ ಸಂಗೀತದವರ ಅಚ್ಚುಮೆಚ್ಚಿನ ವಾದ್ಯವಾಯಿತು. ನಮ್ಮ ಬೇ ಏರಿಯಾಕ್ಕೂ ಇದರಲ್ಲಿ ಪಾಲುಂಟು: ಓಕ್ಲ್ಯಾಂಡಿನ ಮಾರ್ಟಿನ್ ಕ್ಲೆವಿಂಜರ್ 1980ರ ದಶಕದಿಂದ ತಮ್ಮದೇ ಹೆಸರಿನ ಎಲೆಕ್ಟ್ರಿಕ್ ಬೇಸ್‌ಗಳನ್ನು ರೂಪಿಸಿದರು. ಸ್ಯಾನ್ ಮಟೇಯೊದಲ್ಲಿ ಹುಟ್ಟಿ 2016ರಲ್ಲಿ ತೀರಿಕೊಂಡ ರಾಬ್ ವಾಸರ್‌ಮನ್ ಅವರ ಕೈಯಲ್ಲಿ ಇದ್ದದ್ದು ಆರು ತಂತಿಯ ಕ್ಲೆವಿಂಜರ್.

ದೊಡ್ಡ ಸಭೆಗೆ ಕೇಳಿಸಬೇಕು ಎಂಬ ಹಂಬಲ ಪಡುವಣದವರಿಗೆ ಮಾತ್ರ ಇದ್ದದ್ದಲ್ಲ ಎನ್ನುವುದನ್ನು ಇಲ್ಲಿ ನೆನೆಯಬೇಕು. ತಿರುಮಕೂಡಲಿನ ನಮ್ಮ ಪಿಟೀಲು ಚೌಡಯ್ಯನವರು ಮೈಕು ಇನ್ನೂ ಕಾಲೂರದ ಆ ದಿನಗಳಲ್ಲಿ, 1920ರ ದಶಕದ ಕೊನೆಯ ಹೊತ್ತಿಗೆ, ಇದೇ ತೊಡಕಿಗೆ ತಮ್ಮದೇ ಪರಿಹಾರ ಕಂಡುಕೊಂಡರು. ನಾಲ್ಕು ತಂತಿಯ ಪಿಟೀಲಿಗೆ ಇನ್ನು ಮೂರು ಸೇರಿಸಿ ಏಳು ಮಾಡಿದರು. ಬೆಂಗಳೂರಿನಲ್ಲಿ 1980ರಲ್ಲಿ ಎದ್ದ ಚೌಡಯ್ಯ ಸ್ಮಾರಕ ಭವನ ಏಳು ತಂತಿಯ ಪಿಟೀಲಿನ ಆಕಾರದಲ್ಲೇ ಇರುವುದು ಅದರ ನೆನಪಿಗಾಗಿ. ತಂತಿಯೆಂದರೆ ಅಂಗಡಿಯವನು ಕೊಟ್ಟದ್ದನ್ನು ಸುಮ್ಮನೆ ಕಟ್ಟಿಕೊಳ್ಳುವ ವಸ್ತುವಲ್ಲ, ನಮ್ಮ ನಾದಕ್ಕೆ ತಕ್ಕಂತೆ ನಾವೇ ಯೋಚಿಸಿ ಆರಿಸಬೇಕಾದದ್ದು ಎಂಬುದನ್ನು ಅವರಿಗಿಂತ ಚೆನ್ನಾಗಿ ತೋರಿಸಿಕೊಟ್ಟವರು ನಮ್ಮಲ್ಲಿ ವಿರಳ.

ಬಿಗಿಯ ಲೆಕ್ಕ

ತಂತಿ ಯಾವ ಸ್ವರ ನುಡಿಯುತ್ತದೆ ಎನ್ನುವುದು ಮೂರು ಸಂಗತಿಗಳ ಮೇಲೆ ನಿಂತಿದೆ: ಅದರ ಉದ್ದ, ಅದರ ಬಿಗಿ, ಅದರ ತೂಕ. ಉದ್ದ ಹೆಚ್ಚಿದರೆ ಸ್ವರ ಇಳಿಯುತ್ತದೆ, ಬಿಗಿ ಹೆಚ್ಚಿದರೆ ಏರುತ್ತದೆ, ತೂಕ ಹೆಚ್ಚಿದರೆ ಮತ್ತೆ ಇಳಿಯುತ್ತದೆ. ವೀಣೆಯ ಬಿರಡೆ ತಿರುಗಿಸಿದ ಯಾರಿಗೂ ಇದು ಗೊತ್ತಿರುವುದೇ. ಬೇಸ್‌ನ ದಪ್ಪ ತಂತಿಯಾದ 'ಇ' ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಮೇಲಿನ 'ಎ' 55, 'ಡಿ' 73, ತೆಳ್ಳನೆಯ 'ಜಿ' 98 ಸಲ. ಅಷ್ಟು ಕೆಳಗಿನ ಸ್ವರ ಬರಬೇಕಾದರೆ ತಂತಿ ಉದ್ದವೂ ಇರಬೇಕು, ಭಾರವೂ ಇರಬೇಕು. ಭಾರದ ತಂತಿ ಜೋಲಾಡದೆ ನಿಲ್ಲಬೇಕಾದರೆ ಬಿಗಿಯೂ ಬೇಕು. ನಡುಮಟ್ಟದ ಉಕ್ಕಿನ ತಂತಿಗಳಾದರೆ ನಾಲ್ಕೂ ಸೇರಿ ಎಳೆಯುವ ಬಲ 250 ಪೌಂಡಿನ ಆಸುಪಾಸು. ಪಿಟೀಲಿನ ನಾಲ್ಕು ತಂತಿಗಳದ್ದು 50 ಪೌಂಡಿನ ಹತ್ತಿರ. ಎಡಗೈಗೆ ಬೀಳುವ ಹೊರೆ ಎಷ್ಟೆಂದು ಇದರಿಂದಲೇ ಊಹಿಸಬಹುದು.

ಇಲ್ಲಿ ಮೊದಲು ಮಾಡಬೇಕಾದ ಕೆಲಸ ಅಳತೆ. ತುದಿಯ ನಟ್‌ನಿಂದ, ಅಂದರೆ ಬಿರಡೆಗಳ ಕೆಳಗೆ ತಂತಿ ಕೂರುವ ಪುಟ್ಟ ಪಟ್ಟಿಯಿಂದ, ಕುದುರೆಯವರೆಗೆ ಟೇಪು ಹಿಡಿಯಿರಿ. ಬಹುಪಾಲು ಎಲೆಕ್ಟ್ರಿಕ್ ಅಪ್‌ರೈಟುಗಳಲ್ಲಿ ಇದು 41ರಿಂದ 42 ಇಂಚು ಇರುತ್ತದೆ. ಇದು ಅಂಗಡಿಯವರು 'ಮುಕ್ಕಾಲು' ಎಂದು ಕರೆಯುವ ಸಾಮಾನ್ಯ ಡಬಲ್ ಬೇಸ್‌ನ ಅಳತೆಯೇ. ಇಂಥ ವಾದ್ಯಕ್ಕೆ ಮುಕ್ಕಾಲು ಗಾತ್ರದ ಡಬಲ್ ಬೇಸ್ ತಂತಿ ತಂದರಾಯಿತು. ಆದರೆ ಕೆಲವು ಕಂಪನಿಗಳು ಬೇಸ್ ಗಿಟಾರಿನ 34-35 ಇಂಚಿನ ಅಳತೆಯಲ್ಲೂ ನಿಂತು ನುಡಿಸುವ ವಾದ್ಯ ಮಾಡುತ್ತವೆ. 42 ಇಂಚಿಗೆ ಮಾಡಿದ ತಂತಿಯನ್ನು 34 ಇಂಚಿಗೆ ಕಟ್ಟಿ ಅದೇ ಸ್ವರಕ್ಕೆ ಕೂಡಿಸಿದರೆ ಬಿಗಿ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ತಂತಿ ಬಟ್ಟೆ ಒಣಹಾಕುವ ಹಗ್ಗದಂತೆ ಜೋಲಾಡೀತು. ಗಿಟಾರಿನ ತಂತಿ 42 ಇಂಚಿನ ವಾದ್ಯಕ್ಕೆ ಎಟುಕುವುದೇ ಇಲ್ಲ. ಅಳೆಯದೆ ಆರ್ಡರ್ ಮಾಡಬೇಡಿ.

ದುಡ್ಡು ಬಿಚ್ಚುವ ಮುನ್ನ

ಒಂದು ಸೆಟ್ ತಂತಿಗೆ ನೂರು ಡಾಲರಿನ ಒಳಗಿನಿಂದ ಹಿಡಿದು ನಾನೂರಕ್ಕೂ ಮೇಲೆ ಬೆಲೆಯಿದೆ. ಒಂದು ತಿಂಗಳ ಪಾಠದ ಫೀಸಿಗಿಂತ ಹೆಚ್ಚಾಯಿತು. ಆದ್ದರಿಂದ ಖರ್ಚಿಲ್ಲದ ಎರಡು ಪರೀಕ್ಷೆಗಳನ್ನು ಮೊದಲು ಮಾಡಿ ನೋಡಿ.

ಮೊದಲನೆಯದು ಎತ್ತರದ ಪರೀಕ್ಷೆ. ಬೆರಳಾಡುವ ಹಲಗೆ ಕುದುರೆಯ ಕಡೆಗೆ ಮುಗಿಯುವ ತುದಿಯಲ್ಲಿ ಹಲಗೆಗೂ ತಂತಿಗೂ ನಡುವೆ ಎಷ್ಟು ಸಂದಿ ಇದೆ ಎಂದು ಸ್ಕೇಲಿನಿಂದ ಅಳೆಯಿರಿ. ಉಕ್ಕಿನ ತಂತಿಗಾದರೆ 'ಜಿ'ಯ ಕೆಳಗೆ ಸುಮಾರು 4ರಿಂದ 6 ಮಿಲಿಮೀಟರ್, 'ಇ'ಯ ಕೆಳಗೆ 7ರಿಂದ 9 ಮಿಲಿಮೀಟರ್ ಇದ್ದರೆ ಹೊಸಬರಿಗೆ ಹಿತ. ಇದಕ್ಕಿಂತ ತುಂಬಾ ಎತ್ತರವಿದ್ದರೆ ಎಂಥ ಮೆತ್ತನೆಯ ತಂತಿ ತಂದರೂ ಬೆರಳು ನೋಯುವುದು ತಪ್ಪುವುದಿಲ್ಲ. ಹಲವು ವಾದ್ಯಗಳ ಕುದುರೆಯ ಕಾಲಿನಲ್ಲಿ ತಿರುಗಿಸುವ ತಿರುಪು ಇರುತ್ತದೆ. ತಂತಿಯ ಬಿಗಿ ಸ್ವಲ್ಪ ಸಡಿಲಿಸಿ, ಎರಡೂ ಕಡೆ ಸಮನಾಗಿ ಇಳಿಸಿಕೊಳ್ಳಬಹುದು. ತಿರುಪಿಲ್ಲದ ಕುದುರೆಯಾದರೆ ಪಿಟೀಲು ರಿಪೇರಿ ಮಾಡುವವರ ಬಳಿ ಒಯ್ಯುವುದೇ ಮೇಲು. ಮರವನ್ನು ಒಮ್ಮೆ ಉಜ್ಜಿದರೆ ಮತ್ತೆ ಅಂಟಿಸಲಾಗದು.

ಎರಡನೆಯದು ಇಳಿಸುವ ಪರೀಕ್ಷೆ. ಈಗಿರುವ ತಂತಿಗಳನ್ನೇ ನಾಲ್ಕಕ್ಕೆ ನಾಲ್ಕೂ ಅರ್ಧ ಸ್ವರ ಕೆಳಗೆ ಕೂಡಿಸಿ ಒಂದು ವಾರ ಅಭ್ಯಾಸ ಮಾಡಿ. ಅರ್ಧ ಸ್ವರ ಇಳಿಸಿದರೆ ಬಿಗಿ ಸುಮಾರು ನೂರಕ್ಕೆ 11ರಷ್ಟು ತಗ್ಗುತ್ತದೆ. ನಡುಮಟ್ಟದ ಸೆಟ್ಟಿನ ಬದಲು ಹಗುರ ಸೆಟ್ ಹಾಕಿದರೆ ಕೈಗೆ ಹೇಗನಿಸೀತು ಎಂಬುದರ ರುಚಿ ಇದರಿಂದ ಸಿಗುತ್ತದೆ. ಹಾಯೆನಿಸಿದರೆ ಹಗುರ ತಂತಿ ಕೊಳ್ಳಿ. ತಂತಿ ಹಲಗೆಗೆ ತಾಗಿ ಝರ್ ಎಂದರೆ, ಸ್ವರ ಜೋಲಿ ಹೊಡೆದಂತೆ ಕೇಳಿದರೆ, ನಿಮಗೆ ಈಗಿನ ಬಿಗಿಯೇ ಸರಿ. ತೊಂದರೆ ಇನ್ನೆಲ್ಲೋ ಇದೆ.

ಅಂದಹಾಗೆ ಆ ಇನ್ನೆಲ್ಲೋ ಒಮ್ಮೊಮ್ಮೆ ಆಂಪ್ಲಿಫೈಯರಿನಲ್ಲಿ ಇರುತ್ತದೆ. ನಾದ ತಗಡಿನ ಡಬ್ಬದಂತೆ ಕೇಳುತ್ತದೆ ಎಂದು ದೂರುವವರು ತಂತಿ ಬದಲಿಸುವ ಮೊದಲು ಪಿಕಪ್ಪಿನ ಸಂಪರ್ಕ ನೋಡಬೇಕು. ಕುದುರೆಯಡಿಯ ಪಿಯೆಜೊ ಪಿಕಪ್ಪಿಗೆ ಒಂದು ಮೆಗಾಓಮ್ ಅಥವಾ ಹೆಚ್ಚಿನ ಇಂಪೆಡೆನ್ಸಿನ ಇನ್‌ಪುಟ್ ಬೇಕು. ವಾದ್ಯದಲ್ಲೇ ಪ್ರಿಆಂಪ್ ಇಲ್ಲದಿದ್ದರೆ ನಡುವೆ ಒಂದು ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ಕೆಳಸ್ವರಗಳೆಲ್ಲ ಸತ್ತುಹೋಗಿ ಮೇಲಿನ ಕೀರಲು ಮಾತ್ರ ಹೊರಗೆ ಬರುತ್ತದೆ.

ತಂತಿಯ ಜಾತಿಗಳು

ಬೇಸ್ ತಂತಿ ಎಂದರೆ ಒಳಗೊಂದು ತಿರುಳು, ಅದರ ಮೇಲೆ ಲೋಹದ ಸುತ್ತು. ತಿರುಳು ಯಾವುದು ಎನ್ನುವುದರ ಮೇಲೆ ಜಾತಿ ನಿಲ್ಲುತ್ತದೆ. ಮುಖ್ಯವಾಗಿ ಮೂರು: ಕರುಳು, ಉಕ್ಕು, ಕೃತಕ ನಾರು.

ಕರುಳು ಎಂದರೆ ಅಕ್ಷರಶಃ ಕರುಳೇ, ಸಾಮಾನ್ಯವಾಗಿ ಕುರಿಯದು. ಇಪ್ಪತ್ತನೆಯ ಶತಮಾನದ ನಡುವಿನ ತನಕ ಜಾಜ್ ಬೇಸ್ ಎಂದರೆ ಹೆಚ್ಚಾಗಿ ಕರುಳಿನ ತಂತಿಯೇ. ದಪ್ಪ, ಮೆದು, ದುಂಡನೆಯ ನಾದ. ಆದರೆ ಬೆಲೆ ಜಾಸ್ತಿ, ಹವೆ ಬದಲಾದರೆ ಶ್ರುತಿಯೂ ಬದಲು. ನಮ್ಮಲ್ಲಿ ಸಸ್ಯಾಹಾರದ ಮನೆಯವರು ಈ ಮಾತು ಕೇಳಿ ಹೌಹಾರುವುದನ್ನು ನೋಡಿದ್ದೇವೆ. ಅವರಿಗೆ ಸಮಾಧಾನದ ಮಾತೆಂದರೆ, ಎಲೆಕ್ಟ್ರಿಕ್ ವಾದ್ಯದ ಹೊಸಬರಿಗೆ ಕರುಳು ಬೇಕಾಗಿಯೇ ಇಲ್ಲ. ಹಾಗೆಂದು ಪೂರ್ತಿ ಮಡಿಯಾಗಿರುವೆವು ಎಂದುಕೊಳ್ಳುವುದೂ ಬೇಡ. ಮೃದಂಗದ ಚರ್ಮ ಎಲ್ಲಿಂದ ಬಂತೆಂದು ನಾವು ಯಾವ ಕಛೇರಿಯಲ್ಲೂ ಕೇಳಿದ್ದಿಲ್ಲ. ಇನ್ನು ಕಮಾನಿಗೆ ಕಟ್ಟುವುದು ಕುದುರೆಯ ಬಾಲದ ಕೂದಲು. ಕುದುರೆಯ ಮೇಲೆ ಹತ್ತಿದ ತಂತಿಯನ್ನು ಕುದುರೆಯಿಂದಲೇ ಉಜ್ಜಿಸುವ ಈ ಚಮತ್ಕಾರ ಕನ್ನಡದಲ್ಲಿ ಸಾಧ್ಯ!

ಉಕ್ಕು ಈಗಿನ ರೂಢಿ. ಇದರಲ್ಲೂ ಎರಡು ಬಗೆ. ಒಂದೇ ಗಟ್ಟಿ ಸರಿಗೆಯ ತಿರುಳು ಇರುವುದು ಅಗ್ಗ, ಆದರೆ ಸ್ವಲ್ಪ ಒರಟು. ಹಲವು ಎಳೆಗಳನ್ನು ಹಗ್ಗದಂತೆ ಹೊಸೆದ ತಿರುಳು ಬಾಗುತ್ತದೆ, ನಾದವೂ ನಯ. ವಿಯೆನ್ನಾದ ಥೋಮಾಸ್ಟಿಕ್ ಕಂಪನಿಯ ಸ್ಪಿರೊಕೋರ್ ಈ ಹೊಸೆದ ಜಾತಿಯದು, ಬೆರಳಿನಿಂದ ಮೀಟುವ ಜಾಜ್ ವಾದಕರ ಬಹುಕಾಲದ ಗೆಳೆಯ. ಒಮ್ಮೆ ಮೀಟಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಹೊಸತಾಗಿ ಹಾಕಿದಾಗ ಕಿರ್ರೆನ್ನುತ್ತದೆ, ಕೆಲವು ವಾರ ನುಡಿಸಿದ ಮೇಲೆ ಹದಕ್ಕೆ ಬರುತ್ತದೆ. ಪೊಟ್ಟಣದ ಮೇಲೆ ವೈಖ್, ಮಿಟೆಲ್, ಸ್ಟಾರ್ಕ್ ಎಂಬ ಜರ್ಮನ್ ಪದಗಳಿರುತ್ತವೆ. ಮೆದು, ನಡು, ಗಟ್ಟಿ ಎಂದರ್ಥ. ಅಮೆರಿಕದ ಡಿ'ಅಡಾರಿಯೊ ಕಂಪನಿಯ ಹೆಲಿಕೋರ್ ಸಾಲಿನಲ್ಲಿ ಆರ್ಕೆಸ್ಟ್ರಲ್ ಕಮಾನಿಗೆ, ಪಿಜಿಕಾಟೊ ಬೆರಳಿಗೆ, ಹೈಬ್ರಿಡ್ ಎರಡಕ್ಕೂ. ಅದೇ ಕಂಪನಿ ಎಲೆಕ್ಟ್ರಿಕ್ ಅಪ್‌ರೈಟಿಗೆಂದೇ ಎನ್ಎಸ್ ಎಲೆಕ್ಟ್ರಿಕ್ ಎಂಬ ಸೆಟ್ಟುಗಳನ್ನೂ ಮಾಡುತ್ತದೆ.

ಕೃತಕ ನಾರಿನ ತಿರುಳು ಕರುಳಿನ ಗುಣವನ್ನು ಕುರಿಯ ಹಂಗಿಲ್ಲದೆ ಕೊಡಲು ಹೊರಟದ್ದು. ಜರ್ಮನಿಯ ಪಿರಾಸ್ಟ್ರೊ ಕಂಪನಿಯ ಒಬ್ಲಿಗಾಟೊ, ಎವಾ ಪಿರಾಜಿ ಇವು ಈ ಪಂಗಡದವು. ನಾದ ಬೆಚ್ಚಗೆ, ಕಮಾನಿಗೂ ಸಲೀಸಾಗಿ ಒಲಿಯುತ್ತವೆ. ಬೆಲೆ ಉಕ್ಕಿಗಿಂತ ಮೇಲೆ. ತಂತಿ ದಪ್ಪವಾಗಿರುವುದರಿಂದ ನಟ್‌ನ ಗೀರಿನಲ್ಲಿ ಕೂರದೆ ಹೋಗಬಹುದು. ಹಾಗಾದರೆ ಗೀರು ಅಗಲಿಸಬೇಕು. ಇವಲ್ಲದೆ ಮೇಲೆ ನೈಲಾನ್ ಪಟ್ಟಿ ಸುತ್ತಿದ ಕಪ್ಪು ತಂತಿಗಳೂ ಇವೆ. ಮೀಟಲು ಬೆರಳಿಗೆ ಬಹಳ ಹಿತ, ಆದರೆ ಕಮಾನು ಅವುಗಳ ಮೇಲೆ ಜಾರುತ್ತದೆ.

ಇಲ್ಲಿ ಎಲೆಕ್ಟ್ರಿಕ್ ವಾದ್ಯದವರು ಮರೆಯಬಾರದ ಎರಡು ಸಂಗತಿಗಳಿವೆ. ಒಂದು, ಮರದ ಪೆಟ್ಟಿಗೆ ಇಲ್ಲದಿರುವುದರಿಂದ ತಂತಿಯ ಸ್ವಂತ ದನಿಯೇ ಬಹುಪಾಲು ಹೊರಗೆ ಬರುತ್ತದೆ. ದೊಡ್ಡ ಬೇಸ್‌ನಲ್ಲಿ ಪೆಟ್ಟಿಗೆ ನುಂಗಿಬಿಡುತ್ತಿದ್ದ ಲೋಹದ ಕಿರಿಕಿರಿ ಇಲ್ಲಿ ಪಿಯೆಜೊ ಮೂಲಕ ನೆಟ್ಟಗೆ ಕಿವಿಗೆ ಬಂದು ಬಡಿಯುತ್ತದೆ. ಹಾಗಾಗಿ ಮರದ ಬೇಸ್‌ಗೆ ಚಂದವೆನಿಸಿದ ಹೊಳಪಿನ ತಂತಿ ಇಲ್ಲಿ ಅತಿಯೆನಿಸಬಹುದು. ಒಂದು ಮಟ್ಟ ಮಂಕಾದ, ಬೆಚ್ಚನೆಯ ತಂತಿ ಒಳ್ಳೆಯದು. ಎರಡು, ನಿಮ್ಮ ಪಿಕಪ್ ಅಯಸ್ಕಾಂತದ್ದಾದರೆ ತಂತಿಯಲ್ಲಿ ಕಬ್ಬಿಣದ ಅಂಶ ಇರಲೇಬೇಕು. ಕರುಳು, ನೈಲಾನ್ ತಂತಿ ಹಾಕಿದರೆ ದನಿ ಬಾರದು, ಬಂದರೂ ಒಂದು ತಂತಿ ಜೋರು, ಇನ್ನೊಂದು ಮೆಲ್ಲಗೆ ಎಂಬಂತಾಗುತ್ತದೆ. ಪಿಯೆಜೊಗೆ ಈ ಕಟ್ಟುಪಾಡಿಲ್ಲ, ಯಾವ ತಂತಿಯಾದರೂ ನಡೆಯುತ್ತದೆ.

ಪೊಟ್ಟಣದ ಮೇಲಿನ ಇನ್ನೊಂದು ಪದ 'ಸೋಲೊ'. ಒಬ್ಬರೇ ನುಡಿಸುವವರಿಗೆ ಎಂದು ಭಾವಿಸಿ ಹೊಸಬರು ಇದನ್ನೇ ಎತ್ತಿಕೊಳ್ಳುವುದುಂಟು. ಸೋಲೊ ಎಂದರೆ ಒಂದು ಪೂರ್ತಿ ಸ್ವರ ಮೇಲೆ ಕೂಡಿಸಲೆಂದು ಮಾಡಿದ ತೆಳು ತಂತಿ. ನಿಮಗೆ ಬೇಕಾದ್ದು 'ಆರ್ಕೆಸ್ಟ್ರಾ' ಎಂದು ಬರೆದದ್ದು. ಸೋಲೊ ತಂತಿಯನ್ನು ಮಾಮೂಲಿ ಸ್ವರಕ್ಕೆ ಇಳಿಸಿದರೆ ಬಿಗಿ ನೂರಕ್ಕೆ 20ರಷ್ಟು ಕಡಿಮೆಯಾಗುತ್ತದೆ. ಕೆಲವು ನುರಿತವರು ಬೇಕೆಂದೇ ಹಾಗೆ ಮಾಡುತ್ತಾರೆ, ಅದು ಬೇರೆ ಮಾತು.

ಹಾಡುವವರ ಮನೆ

ಈ ತನಕ ಹೇಳಿದ್ದು ಯಾವ ಪುಸ್ತಕದಲ್ಲಾದರೂ ಒಂದಷ್ಟು ಸಿಕ್ಕೀತು. ನಮ್ಮ ಹಾಡುಗಾರರ ಜೊತೆ ನುಡಿಸುವವರಿಗೆ ಬೇಕಾದ ಲೆಕ್ಕ ಅಲ್ಲಿ ಇರುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬೇಸ್‌ನ ನಾಲ್ಕು ತಂತಿಗಳು ಕೆಳಗಿನಿಂದ ಮೇಲಕ್ಕೆ ಮೂರು, ಆರು, ಎರಡು, ಐದು ಮನೆ. ಪಿಟೀಲು ಕಲಿತವರು ಇಲ್ಲಿ ಎಚ್ಚರದಿಂದಿರಬೇಕು. ಕರ್ನಾಟಕ ಪಿಟೀಲನ್ನು ಸ-ಪ-ಸ-ಪ ಎಂದು ಕೂಡಿಸುತ್ತೇವೆ; ಬೇಸ್‌ನಲ್ಲಿ ಒಂದು ತಂತಿಯನ್ನು ಷಡ್ಜವೆಂದರೆ ಪಕ್ಕದ ಮೇಲಿನ ತಂತಿ ಪಂಚಮವಲ್ಲ, ಶುದ್ಧ ಮಧ್ಯಮ. ಪಂಚಮ ಬೇಕಾದರೆ ಪಕ್ಕದ ಕೆಳಗಿನ ತಂತಿಯಲ್ಲಿ ಸಿಗುತ್ತದೆ, ಅದೂ ಕೆಳಸ್ಥಾಯಿಯದು.

ಐದು ಮನೆಯಲ್ಲಿ ಹಾಡುವ ಗಾಯಕಿಗೆ 'ಜಿ' ತಂತಿಯೇ ಷಡ್ಜ, 'ಡಿ' ತಂತಿಯೇ ಪಂಚಮ. ಎರಡೂ ಒತ್ತದೆಯೇ ಮೀಟುವಂಥವು, ಎಡಗೈ ಆರಾಮವಾಗಿರಬಹುದು. ಆರು ಮನೆಯವರಿಗೆ 'ಎ' ಷಡ್ಜ, 'ಇ' ಪಂಚಮ. ಎರಡು ಮನೆಯ ಗಾಯಕರಿಗೆ 'ಡಿ' ಷಡ್ಜ, 'ಎ' ಪಂಚಮ. ಒಂದು ಮನೆಯ ಗಂಡು ದನಿಗೆ ಷಡ್ಜ ಒತ್ತಬೇಕು, ಪಂಚಮಕ್ಕೆ 'ಜಿ' ಬಿಡಿಯಾಗಿ ಸಿಗುತ್ತದೆ. ಫಜೀತಿ ಇರುವುದು ಒಂದೂವರೆ ಮತ್ತು ಐದೂವರೆ ಮನೆಯಲ್ಲಿ. ನಮ್ಮ ಬಳಗದ ಒಳ್ಳೊಳ್ಳೆಯ ಕಂಠಗಳು ಅಲ್ಲೇ ಇರುವುದು ದೈವಲೀಲೆ! ಅಲ್ಲಿ ಷಡ್ಜವೂ ಪಂಚಮವೂ ಯಾವ ಬಿಡಿ ತಂತಿಯಲ್ಲೂ ಇಲ್ಲ. ಇಡೀ ಹಾಡಿನುದ್ದಕ್ಕೂ ಬೆರಳು ಒತ್ತಿಕೊಂಡೇ ಇರಬೇಕು. ಗಟ್ಟಿ ತಂತಿ ಹಾಕಿದವರ ಕೈ ಎರಡನೆಯ ಚರಣಕ್ಕೇ ಸೋಲುವುದು ಇಂಥ ಕಡೆ.

ಇದಕ್ಕೊಂದು ಉಪಾಯವಿದೆ. ನಾಲ್ಕೂ ತಂತಿಗಳನ್ನು ಅರ್ಧ ಮನೆ ಏರಿಸಿಕೊಂಡರೆ ಐದೂವರೆಯವರಿಗೆ ಷಡ್ಜ-ಪಂಚಮಗಳೆರಡೂ, ಒಂದೂವರೆಯವರಿಗೆ ಪಂಚಮ ಬಿಡಿಯಾಗಿ ದಕ್ಕುತ್ತವೆ. ಆದರೆ ಅರ್ಧ ಮನೆ ಏರಿಸಿದರೆ ಬಿಗಿ ನೂರಕ್ಕೆ 12ರಷ್ಟು ಹೆಚ್ಚುತ್ತದೆ. ಹಗುರ ಸೆಟ್ಟಿನಲ್ಲಿ ಇದು ನಡುಮಟ್ಟದ ಬಿಗಿಗೆ ಬಂದು ನಿಲ್ಲುತ್ತದೆ, ಅಷ್ಟೇ. ಗಟ್ಟಿ ಸೆಟ್ಟಿನಲ್ಲಿ ಈ ಸಾಹಸ ಮಾಡಿದರೆ ಕೈಗೂ ಕುದುರೆಗೂ ಕೇಡು. ಅಂದರೆ ಭಾವಗೀತೆಗೆ ಒತ್ತಾಸೆಯಾಗಿ ನುಡಿಸುವವರು ಹಗುರ ಸೆಟ್ ಕೊಳ್ಳುವುದಕ್ಕೆ ಬೆರಳಿನ ನೋವಿನ ಹೊರತಾಗಿಯೂ ಕಾರಣವುಂಟು.

ಇನ್ನು ಗಮಕದ ಮಾತು. ಬೇಸ್‌ಗೆ ವೀಣೆಯಂತೆ ಮೆಟ್ಟಿಲುಗಳಿಲ್ಲ, ಬೆರಳು ಪಿಟೀಲಿನಂತೆ ಜಾರಬಹುದು. ಜಾರು ಕೇಳಿಸಬೇಕಾದರೆ ಮೀಟಿದ ನಾದ ಅಷ್ಟು ಹೊತ್ತು ನಿಲ್ಲಬೇಕು. ನಾದ ಬೇಗ ಸಾಯುವ ನೈಲಾನ್ ತಂತಿಯಲ್ಲಿ ಜಾರು ಅರ್ಧದಲ್ಲೇ ಮಾಯ. ಹೊಸೆದ ಉಕ್ಕಿನ ತಂತಿಯಲ್ಲಿ ನಾದ ನಿಲ್ಲುತ್ತದೆ, ಜಾರು ಪೂರ್ತಿ ಕೇಳುತ್ತದೆ. ತಬಲಾದ ಜೊತೆ ಗುದ್ದಿದಂಥ ಗಿಡ್ಡ ಸ್ವರ ಬೇಕೆನ್ನುವವರಿಗೆ ಇದೇ ಗುಣ ಅಡ್ಡಿಯಾಗುತ್ತದೆ. ಅವರು ಕುದುರೆಯ ಹತ್ತಿರ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜು ತುರುಕಿದರೆ ಸಾಕು. ತಂಬೂರಿಗೆ ನಾವು ಜೀವಾಳಿಯ ದಾರ ಸಿಕ್ಕಿಸಿ ನಾದ ಬಿಡಿಸುತ್ತೇವೆ, ಇಲ್ಲಿ ಸ್ಪಂಜು ಸಿಕ್ಕಿಸಿ ನಾದ ಕಟ್ಟುತ್ತೇವೆ.

ತಂತಿ ಹಾಕುವ ಕ್ರಮ

ನಾಲ್ಕೂ ತಂತಿಗಳನ್ನು ಒಟ್ಟಿಗೆ ಬಿಚ್ಚಬೇಡಿ. ಕುದುರೆ ನಿಂತಿರುವುದು ತಂತಿಯ ಒತ್ತಡದಿಂದಲೇ. ಎಲ್ಲ ಸಡಿಲಿಸಿದರೆ ಅದು ಬಿದ್ದು, ಅದಕ್ಕಂಟಿದ ಪಿಯೆಜೊ ವೈರೂ ಕಿತ್ತುಬರಬಹುದು. ಒಂದು ಬಿಚ್ಚಿ, ಒಂದು ಹಾಕಿ, ಹೆಚ್ಚುಕಡಿಮೆ ಸ್ವರಕ್ಕೆ ತಂದು, ಆಮೇಲೆ ಮುಂದಿನದಕ್ಕೆ ಹೋಗಿ. ನಟ್‌ನ ಗೀರಿಗೂ ಕುದುರೆಯ ಗೀರಿಗೂ ಮೊದಲು ಮೆತ್ತನೆಯ ಪೆನ್ಸಿಲ್ ಉಜ್ಜಿದರೆ ತಂತಿ ಸಲೀಸಾಗಿ ಸರಿಯುತ್ತದೆ. ಬಿಗಿಮಾಡುವಾಗ ಕುದುರೆಯ ತಲೆ ಬಿರಡೆಯ ಕಡೆಗೆ ವಾಲುತ್ತದೆ; ಆಗಾಗ ನೋಡಿ ಎರಡೂ ಕೈಯಿಂದ ನೆಟ್ಟಗೆ ನಿಲ್ಲಿಸಿ. ತಂತಿಯ ತುದಿಗೆ ಸುತ್ತಿರುವ ಬಣ್ಣದ ರೇಷ್ಮೆ ದಾರ ನಟ್ ದಾಟಿ ಹಲಗೆಯ ಮೇಲೆ ಬಂದಿದ್ದರೆ ಆ ತಂತಿ ನಿಮ್ಮ ವಾದ್ಯದ ಅಳತೆಯದಲ್ಲ.

ಹೊಸ ತಂತಿ ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಮತ್ತೆ ಮತ್ತೆ ಶ್ರುತಿ ಮಾಡಬೇಕು. ನಾಳೆ ಕಾರ್ಯಕ್ರಮ ಎಂದರೆ ಇವತ್ತು ತಂತಿ ಬದಲಿಸಬೇಡಿ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿಡಿ. ಹೀಗೆ ನೋಡಿಕೊಂಡರೆ ಉಕ್ಕಿನ ತಂತಿ ವರ್ಷಗಟ್ಟಲೆ ಬಾಳುತ್ತದೆ. ಆದ್ದರಿಂದಲೇ ಬೇಸ್ ವಾದಕರಲ್ಲಿ ಒಬ್ಬರು ತೆಗೆದಿಟ್ಟ ತಂತಿಯನ್ನು ಇನ್ನೊಬ್ಬರು ಕಡಿಮೆ ಬೆಲೆಗೆ ಕೊಳ್ಳುವ ಪದ್ಧತಿ ಇದೆ. ಕಿರಿಕಿರಿ ಕಳೆದ ಹಳೆ ತಂತಿ ಎಲೆಕ್ಟ್ರಿಕ್ ವಾದ್ಯಕ್ಕೆ ಹೊಸದಕ್ಕಿಂತ ಹಿತವಾಗಿ ಕೇಳುವುದೂ ಉಂಟು.

ಕೊನೆಗೆ ನಮ್ಮ ಸಲಹೆ

ಇನ್ನೂ ಯಾವುದೂ ಗೊತ್ತಿಲ್ಲ, ಬೆರಳೋ ಕಮಾನೋ ತೀರ್ಮಾನವಾಗಿಲ್ಲ ಎನ್ನುವವರು ಹೆಲಿಕೋರ್ ಹೈಬ್ರಿಡ್‌ನಂಥ ಎರಡಕ್ಕೂ ಒಗ್ಗುವ ಹೊಸೆದ ಉಕ್ಕಿನ ಹಗುರ ಸೆಟ್ಟಿನಿಂದ ಶುರುಮಾಡಿ. ಬರೀ ಬೆರಳಿನಿಂದ ಮೀಟುವವರು, ಜಾರು ಗಮಕಗಳ ಆಸೆಯುಳ್ಳವರು ಸ್ಪಿರೊಕೋರ್‌ನ ಮೆದು ಬಗೆಯನ್ನು ನೋಡಬಹುದು. ಕಮಾನು ಹಿಡಿಯುವ ಶಾಲೆಯ ಮಕ್ಕಳು ಆರ್ಕೆಸ್ಟ್ರಾ ತಂತಿಯಲ್ಲೇ ಇರಲಿ, ಅವರ ಮೇಷ್ಟರ ಮಾತೇ ಅಂತಿಮ. ಕೈ ನೋವಿನ ಇತಿಹಾಸ ಇರುವವರು ಕುದುರೆ ತಗ್ಗಿಸಿ, ಪಿಯೆಜೊ ಇದ್ದರೆ ಕೃತಕ ನಾರಿನ ಮೆದು ತಂತಿ ಕಟ್ಟಿಕೊಳ್ಳಿ. ದಿನಕ್ಕೆ ಎರಡು ಸಲ ಹದಿನೈದು ನಿಮಿಷದಂತೆ ನುಡಿಸಿ. ಮಣಿಕಟ್ಟು ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ, ಮತ್ತೆ ಮತ್ತೆ ಹಾಗಾದರೆ ವೈದ್ಯರಿಗೆ ತೋರಿಸಿ.

ಗರಾಜಿನ ಮೂಲೆಯಲ್ಲಿ ವಾದ್ಯ ನಿಲ್ಲಿಸಿರುವವರಿಗೆ ನಮ್ಮದೊಂದು ಕೋರಿಕೆ: ಅದನ್ನು ಮಾರುವ ಮುನ್ನ ಒಂದು ಸಲ ಸ್ಕೇಲು ಹಿಡಿದು ತಂತಿಯ ಎತ್ತರ ಅಳೆಯಿರಿ. ಅಳೆಯಲು ಬಾರದಿದ್ದರೆ ಮುಂದಿನ ಕೂಟಕ್ಕೆ ವಾದ್ಯವನ್ನೇ ಹೊತ್ತು ತನ್ನಿ. ಕವಿತಾವಾಚನ ಮುಗಿದು ಕಾಫಿಗೆ ಬಿಡುವು ಕೊಟ್ಟಾಗ ಎಲ್ಲರೂ ಸೇರಿ ನೋಡೋಣ. ಒಳ್ಳೆಯ ಸ್ಥಿತಿಯ ಹಳೆ ತಂತಿ ಇರುವವರು ಅದನ್ನೂ ತಂದರೆ ಬೇಕಾದವರಿಗೆ ದಾಟಿಸಬಹುದು. ಐದೂವರೆ ಮನೆಯ ಹಾಡುಗಾರರು ದಯವಿಟ್ಟು ತಪ್ಪಿಸಿಕೊಳ್ಳಬೇಡಿ, ನಮಗೆ ನಿಮ್ಮಿಂದ ಕೆಲಸವಿದೆ.